ಬುದ್ಧಿ ಸ್ವಾಧೀನವಿಲ್ಲದ ಮಹಾದೇವಪ್ಪ

ಧಾರವಾಡದ ಗಾಡಿಗೆ ಇನ್ನು ಮುಕ್ಕಾಲು ತಾಸಷ್ಟೇ ಉಳಿದಿತ್ತು, ಅಣ್ಣ ಮಹಾದೇವಪ್ಪ ಮತ್ತೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದ. ಮುರುಗೆಪ್ಪ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ತಂಬಿಗೆಯ ಸದ್ದು ಕೇಳುತ್ತ ಕುಳಿತ. ಬೆಳಗಿನ ಪೂಜೆ ಮುಗಿದು ಒಂದು ತಾಸೂ ಆಗಿರಲಿಲ್ಲ. ಈಗ ಮಹಾದೇವಪ್ಪ ಮಡಿ ಉಟ್ಟು ಬರುತ್ತಾನೆ, ಹಣೆಗೆ ವಿಭೂತಿ ಬಳಿದುಕೊಳ್ಳುತ್ತಾನೆ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಈ ದಿನದ ಮೊದಲ ಪೂಜೆ ಇದೇ ಎಂಬಷ್ಟು ಭಕ್ತಿಯಿಂದ ಕಣ್ಣು ಮುಚ್ಚುತ್ತಾನೆ. ಮಧ್ಯಾಹ್ನದ ಊಟದೊಳಗೆ ಮೂರನೆಯದೂ ಆಗುತ್ತದೆ. ಪೂಜೆ ಆಗಿದೆ ಎಂದು ಅವನಿಗೆ ಹೇಳಿದವರು ಮನೆಯಲ್ಲಿ ಒಬ್ಬರೂ ಇಲ್ಲ. ಲಿಂಗಪೂಜೆಗೆ ಕುಳಿತವನನ್ನು ಎಬ್ಬಿಸುವುದುಂಟೇ? ಮೊದಮೊದಲು ಬರೀ ಆ ಸಂಕೋಚ. ಆಮೇಲೆ ಓಣಿಯವರು ಅದಕ್ಕೊಂದು ಅರ್ಥವನ್ನೂ ಕಟ್ಟಿಕೊಟ್ಟರು. ಮೋಟಾರು ತಾಗಿ ಬಿದ್ದಾಗ ಅದರ ಗಾಲಿಯಿಂದ ಶಿವ ಅವನನ್ನು ಎತ್ತಿ ಈಚೆಗಿಟ್ಟ, ಅವತ್ತಿನಿಂದ ಮಹಾದೇವಪ್ಪನ ಮನಸ್ಸು ಪೇಟೆ ಬಿಟ್ಟು ಶಿವನ ಕಡೆ ತಿರುಗಿತು ಅಂದರು. ಸೋಮವಾರ ಬಂತೆಂದರೆ ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತು ಅವನ ಪಾದ ಮುಟ್ಟಿ ಹೋಗುತ್ತಿದ್ದರು, ಅಣ್ಣನ ಹೆಂಡತಿ, ವೈನಿ, ಅವರ ಕೈಗೆ ಸಕ್ಕರೆ ಹಾಕಿ ಕಳಿಸುತ್ತಿದ್ದಳು. ಮುರುಗೆಪ್ಪನೂ ನಂಬಿದ್ದ. ಅಣ್ಣ ಶರಣನಾದ ಎಂದು ನಂಬಿದರೆ ತುಪ್ಪದ ಅಂಗಡಿಯ ಗಾದಿಯ ಮೇಲೆ ತಾನು ಕೂಡುವುದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿರಲಿಲ್ಲ.

ವೈನಿ ಶಿವಬಸವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಬುತ್ತಿಯ ಗಂಟು ಅವಳ ಕೈಯಲ್ಲೇ ಇತ್ತು, ಕೊಡಲೋ ಬೇಡವೋ ಎನ್ನುವ ಹಾಗೆ. "ಮುರುಗೆಪ್ಪಾ, ಇನ್ನೊಮ್ಮೆ ವಿಚಾರ ಮಾಡು. ಹತ್ತು ಮಂದಿ ಬಂದು ಅವರ ಪಾದಾ ಮುಟ್ಟತಾರ. ನೀ ಹೋಗಿ ಕೋರ್ಟಿನ್ಯಾಗ ತಲಿ ಕೆಟ್ಟೈತಿ ಅಂತ ಬರಸಿದ್ರ ಅದೇ ಹತ್ತು ಮಂದಿ ನಾಳೆ ನನಗ ಹುಚ್ಚನ ಹೇಂತಿ ಅಂತಾರ."

"ವೈನಿ, ಅಣ್ಣಗ ಪೆಟ್ಟ ಬಿದ್ದೈತಿ."

"ಬಿದ್ದೈತಿ. ನಾ ಇಲ್ಲಂದ್ನೇನು? ನಿನಗ ಅದು ಪೆಟ್ಟಾಗಿ ಕಾಣಾಕ ಹನ್ನೊಂದ ತಿಂಗಳ ಬೇಕಾತು. ನನಗ ಮೊದಲನೇ ವಾರಾನೇ ಗೊತ್ತಿತ್ತು." ಇಷ್ಟು ಹೇಳಿ ಬುತ್ತಿ ಕೆಳಗಿಟ್ಟು ಒಳಗೆ ಹೋದಳು. ಗೊತ್ತಿದ್ದೂ ಸಕ್ಕರೆ ಹಂಚಿದಳೇ ಎಂದು ಮುರುಗೆಪ್ಪನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಗಂಡ ಹುಚ್ಚನಾಗುವುದಕ್ಕಿಂತ ದೇವರಾಗುವುದು ಅವಳಿಗೆ ತಡೆದುಕೊಳ್ಳುವಂಥ ಸಂಗತಿಯಾಗಿತ್ತು. ತನಗೆ ಅದು ತಡೆದುಕೊಳ್ಳುವಂಥದ್ದಷ್ಟೇ ಅಲ್ಲ, ಲಾಭದ್ದೂ ಆಗಿತ್ತು.

ಗಾಡಿ ಸಿಕ್ಕಿತು. ಅಣ್ಣ ಕಿಡಕಿಯ ಪಕ್ಕ ಕುಳಿತು, ರುಮಾಲು ತೊಡೆಯ ಮೇಲಿಟ್ಟುಕೊಂಡು, ಹಿಂದಕ್ಕೆ ಓಡುವ ಜೋಳದ ಹೊಲಗಳನ್ನು ನೋಡುತ್ತಿದ್ದ. ನೋಡಿದವರು ಸುಖದಲ್ಲಿರುವ ಗೃಹಸ್ಥ ಅನ್ನಬೇಕು. ಪೆಟ್ಟು ಬಿದ್ದ ಅವತ್ತೂ ಹೀಗೇ ಇದ್ದ. ಎರಡು ಮೋಟಾರಿನವರು ಪ್ರಯಾಣಿಕರಿಗಾಗಿ ಜಿದ್ದಿಗೆ ಬಿದ್ದು ಓಡಿಸಿಕೊಂಡು ಬಂದರು, ಹಿಂದಿನದು ರಸ್ತೆ ಬಿಟ್ಟು ಇಳಿಯಿತು, ಅದರ ಅಂಚು ತಾಗಿ, ಕೈಯಲ್ಲಿ ತುಪ್ಪದ ಗಡಿಗೆ ಹಿಡಿದಿದ್ದ ಮಹಾದೇವಪ್ಪ ಬಿದ್ದ, ತಲೆಯ ಹಿಂಭಾಗ ಹಾಸುಗಲ್ಲಿಗೆ ಬಡಿದ ಸದ್ದು ಅಂಗಡಿಯ ಬಾಗಿಲಲ್ಲಿದ್ದ ಮುರುಗೆಪ್ಪನಿಗೆ ಕೇಳಿಸಿತು. ರಕ್ತವಿಲ್ಲ. ಎದ್ದು ಕುಳಿತ, ಧೋತರದ ಧೂಳು ಝಾಡಿಸಿದ, "ಗಡಗಿ ಒಡೀತೇನು?" ಎಂದು ಕೇಳಿದ. ಆ ರಾತ್ರಿ ಮಲಗಿದವನು ಎರಡು ದಿನ ಏಳಲಿಲ್ಲ, ಎದ್ದ ಮೇಲೆ ಡಾಕ್ಟರು ಮುಟ್ಟಿ ನೋಡಿ ಎಲುಬು ಮುರಿದಿಲ್ಲ ಅಂದರು. ಎಂಟನೆಯ ದಿನ ಮೋಟಾರಿನ ಮಾಲಕ ಬಾಳೆಹಣ್ಣಿನ ಗೊನೆ ಹೊರಿಸಿಕೊಂಡು ಬಂದ, ಆರಾಮ ಅದೀರೇನ್ರಿ ಎಂದ, ಅಣ್ಣ ಆರಾಮ ಎಂದ. ಮನೆಗೆ ಬಂದವರು ಕೇಳಿದರೆ ಇನ್ನೇನು ಹೇಳುತ್ತಾರೆ? ಅದನ್ನೇ, ಇನ್ನು ತಕರಾರಿಲ್ಲ ಎಂದು ಸೇರಿಸಿ, ಒಂದು ಕಾಗದದ ಮೇಲೆ ಬರೆದುಕೊಡಿ ಎಂದ, ಅಣ್ಣ ತನ್ನ ಮುತ್ತಿನಂಥ ಅಕ್ಷರದಲ್ಲಿ ಸಹಿ ಮಾಡಿದ. ಮಸಿಯ ದೌತಿ ಹಿಡಿದುಕೊಂಡು ಪಕ್ಕದಲ್ಲಿ ನಿಂತವನು ಮುರುಗೆಪ್ಪನೇ. ಗೊನೆಯಲ್ಲಿಯ ಹಣ್ಣನ್ನು ಅವನೂ ತಿಂದಿದ್ದ.

"ಉಣಕಲ್ ಕೆರಿ ಬತ್ತೇತಲ್ಲೋ" ಎಂದು ಅಣ್ಣ ಹೇಳಿದ. ಸ್ವಲ್ಪ ಹೊತ್ತಿನ ಮೇಲೆ, "ಎಲ್ಲಿಗೆ ಹೊಂಟೇವಿ?"

"ಧಾರವಾಡಕ್ಕ. ವಕೀಲರ ಕಡೆ."

"ಹೌದಲ್ಲ" ಎಂದ, ಮರೆತಿರಲಿಲ್ಲ ಎನ್ನುವ ಹಾಗೆ. ಆ 'ಹೌದಲ್ಲ' ಎನ್ನುವುದನ್ನು ಮುರುಗೆಪ್ಪ ಈಗ ಗುರುತು ಹಿಡಿಯಬಲ್ಲ. ತುಪ್ಪದ ವ್ಯಾಪಾರದಲ್ಲೂ ಅಣ್ಣ ಹಾಗೆಯೇ ತಿಂಗಳುಗಟ್ಟಲೆ ಎಲ್ಲರನ್ನೂ ನಂಬಿಸಿಬಿಟ್ಟಿದ್ದ. ಹುಬ್ಬಳ್ಳಿಯ ಬೆಣ್ಣೆ ತುಪ್ಪದ ಪೇಟೆಯಲ್ಲಿ ಮಹಾದೇವಪ್ಪನ ಮೂಗಿಗೆ ಇದ್ದ ಹೆಸರು ಅಂಗಡಿಯ ಹಲಗೆಗೂ ಇರಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳು ಗಡಿಗೆ ಇಳಿಸಿದರೆ ಬೆರಳ ತುದಿಯಷ್ಟು ತುಪ್ಪ ಎಡಗೈಯ ಹಿಂಭಾಗಕ್ಕೆ ಹಚ್ಚಿ, ತಿಕ್ಕಿ, ಮೂಸಿ, ಈ ಎಮ್ಮೆ ಹತ್ತಿಕಾಳು ತಿಂದದ್ದು, ಈ ಬೆಣ್ಣೆಯನ್ನು ನಾಲ್ಕು ದಿನ ಕೂಡಿಟ್ಟು ಕಾಸಿದ್ದು ಎಂದು ಹೇಳುತ್ತಿದ್ದ, ಅವರು ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದರು. ಪೆಟ್ಟು ಬಿದ್ದ ಮೇಲೂ ದಿನಕ್ಕೊಂದೆರಡು ತಾಸು ಬಂದು ಹಾಗೆಯೇ ಹಚ್ಚಿ, ತಿಕ್ಕಿ, ಮೂಸುತ್ತಿದ್ದ. ಶಿರಗುಪ್ಪಿಯ ಉಡಚವ್ವ ಒಮ್ಮೆ ದೀಪಕ್ಕೆಂದು ಇಟ್ಟಿದ್ದ ಕಮಟು ತುಪ್ಪದ ಗಡಿಗೆಯನ್ನು ಗಡಿಬಿಡಿಯಲ್ಲಿ ಹೊತ್ತು ತಂದುಬಿಟ್ಟಳು. ಮುಚ್ಚಳ ತೆಗೆದೊಡನೆ ಅವಳಿಗೇ ವಾಸನೆ ಬಡಿಯಿತು. ಅಣ್ಣ ಅದನ್ನು ಮೂಸಿ, ಅವಳ ಮುಖವನ್ನೊಮ್ಮೆ ನೋಡಿ, "ಛಲೋ ಐತಿ" ಎಂದ. ಉಡಚವ್ವ ಗಡಿಗೆ ಎತ್ತಿಕೊಂಡು ಅಂಗಡಿಯ ಹಿಂದೆ ಬಂದು ಮುರುಗೆಪ್ಪನ ಮುಂದೆ ಕಣ್ಣೀರು ತೆಗೆದಳು. "ಅಪ್ಪಾರ ಮೂಗ ಹೋಗೇತಿ ನೋಡ್ರಿ. ನನ್ನ ಮಾರಿ ನೋಡಿ ದರಾ ಹೇಳ್ತಾರ. ಯಾರ ಮುಂದೂ ಅಂದಿಲ್ಲ ನಾ." ಯಾರು ಸಂಕೋಚಪಡುತ್ತಾರೆ, ಯಾರು ಧೈರ್ಯದಿಂದ ಕಣ್ಣಿಗೆ ಕಣ್ಣು ಕೊಡುತ್ತಾರೆ ಎಂಬುದನ್ನು ನೋಡಿಯೇ ಅಣ್ಣ ತುಪ್ಪ ಆರಿಸುತ್ತಿದ್ದ. ಬುದ್ಧಿ ಹೋದವನಿಗೆ ಇಷ್ಟು ಬುದ್ಧಿಯೇ? ಮುರುಗೆಪ್ಪನಿಗೆ ಅವತ್ತು ಗೋಡೆಗೆ ತಲೆ ಕೊಟ್ಟು ಅಳಬೇಕೆನಿಸಿತು, ಅತ್ತ.

ಅಂದಿನಿಂದ ಅವನು ವಕೀಲರ ಮೆಟ್ಟಿಲು ಹತ್ತತೊಡಗಿದ. ಹುಬ್ಬಳ್ಳಿಯ ಮೂವರು ವಕೀಲರು ಹೊಲ, ಮನೆ, ದತ್ತಕದ ಮಾತಾದರೆ ಬಾ ಅಂದರು. ತಲೆಯೊಳಗಿನ ಪೆಟ್ಟಿಗೆ ದಾವೆ ಹಾಕುವುದೆಂದರೆ ಗಾಳಿಗೆ ಗಂಟು ಹಾಕಿದ ಹಾಗೆ ಎಂದು ಒಬ್ಬರು ನಕ್ಕರು. ಮೂರನೆಯವರು ಮಾತ್ರ ಬಾಗಿಲವರೆಗೆ ಬಂದು, ಧಾರವಾಡದ ಮುಗದ ವಕೀಲರನ್ನು ನೋಡು ಎಂದರು. ಹತ್ತಿಯ ಜಿನ್ನಿನಲ್ಲಿ ಬೆರಳು ಹೋದವರು, ಕಾರಖಾನೆಯಲ್ಲಿ ಕೈ ಕಳೆದುಕೊಂಡವರು ಎಲ್ಲ ಅವರ ಹತ್ತಿರವೇ ಹೋಗುತ್ತಾರೆ, ಕೋರ್ಟಿನ ಉಳಿದ ವಕೀಲರು ಅವರನ್ನು ಕೈಕಾಲಿನ ವಕೀಲರು ಎಂದು ಚೇಷ್ಟೆ ಮಾಡುತ್ತಾರೆ, ಆದರೆ ಈ ಕೆಲಸ ಬಲ್ಲವರು ಅವರೊಬ್ಬರೇ. ದಾವೆ ಹಾಕಿಯೇ ತೀರುತ್ತೇನೆ ಎಂದು ಮುರುಗೆಪ್ಪ ಅವತ್ತೇ ಹಟ ತೊಟ್ಟಿದ್ದ. ಆ ಹಟದ ತಳದಲ್ಲಿ ಏನಿದೆ ಎಂದು ಇಣುಕಿ ನೋಡುವುದಕ್ಕೆ ಮಾತ್ರ ಹೆದರಿಕೆಯಾಗುತ್ತಿತ್ತು.

ಕೋರ್ಟಿನ ಹಿಂದಿನ ಓಣಿಯಲ್ಲಿ ಮುಗದ ವಕೀಲರ ಮನೆ. ಮುಂದಿನ ಕೋಣೆಯಲ್ಲಿ ಜಮಖಾನೆ, ಕಾಗದದ ಕಟ್ಟುಗಳು, ಬಾಗಿಲ ಹತ್ತಿರ ಬಲಗೈ ಮೊಣಕೈವರೆಗೆ ಹೋದ ಒಬ್ಬ ಕೂಲಿಯವನು ಎಡಗೈಯಿಂದ ಬೀಡಿ ಹಚ್ಚುವುದನ್ನು ಕಲಿಯುತ್ತಿದ್ದ. ಅವನನ್ನು ಕಂಡು ಮುರುಗೆಪ್ಪನಿಗೆ ಒಂದು ನೀಚ ವಿಚಾರ ಬಂತು: ಅಣ್ಣನ ಕೈ ಹೋಗಿದ್ದರೆ ಎಷ್ಟು ಸಲೀಸಾಗಿತ್ತು. ವಕೀಲರು ಐವತ್ತು ದಾಟಿದ ಒಣಕಲು ಮನುಷ್ಯ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದರು. ಎಲ್ಲ ಕೇಳಿಸಿಕೊಂಡು, ಮಾಲಕನಿಂದ ತಂದಿದ್ದ ಕಾಗದದ ನಕಲು ಓದಿ, ಮೊದಲು ಕೇಳಿದ್ದು ದಿನಾಂಕ.

"ಪೆಟ್ಟು ಬಿದ್ದ ವರ್ಷದೊಳಗ ದಾವೆ ಹಾಕಬೇಕ್ರೀ. ಹನ್ನೊಂದು ತಿಂಗಳು ಏನ ಮಾಡಾಕತ್ತಿದ್ರಿ?"

"ಪಾದಾ ಮುಟ್ಟಿಸಿಕೋತ ಕುಂತಿದ್ವಿರಿ" ಎಂದು ಮುರುಗೆಪ್ಪ ಹೇಳಿಬಿಟ್ಟ.

ವಕೀಲರು ಅವನನ್ನು ಕನ್ನಡಕದ ಮೇಲಿಂದ ನೋಡಿದರು, ನಗಲಿಲ್ಲ. ಎದ್ದು ಒಳಗೆ ಹೋಗಿ ಬಂದು ಮಹಾದೇವಪ್ಪನ ಎದುರು ಮಂಡಿ ಹಚ್ಚಿ ಕುಳಿತರು. "ಯಜಮಾನ್ರ, ನಿಮ್ಮ ಮೂಗಿನ ಕೀರ್ತಿ ಭಾಳ ಕೇಳೇನಿ. ಕಣ್ಣು ಮುಚ್ಚಿ ಒಂದಿಷ್ಟು ಪರೀಕ್ಷಾ ಮಾಡಿ ಹೇಳ್ರಿ." ಅಣ್ಣ ಎಡಗೈ ಮುಂದೆ ಚಾಚಿದ. "ಕೈಗೆ ಬ್ಯಾಡ್ರಿ, ಹಂಗೇ ಮೂಸ್ರಿ." ಅಣ್ಣನ ರೆಪ್ಪೆಗಳು ಎರಡು ಸಲ ತೆರೆದು ವಕೀಲರ ಮುಖ ಹುಡುಕಿದವು, ವಕೀಲರು ಅಂಗೈಯಿಂದ ಮೆಲ್ಲಗೆ ಅವನ ಕಣ್ಣು ಮುಚ್ಚಿದರು, ಇನ್ನೊಂದು ಕೈಯಿಂದ ಕಂದೀಲು ಒರೆಸುವ ಚಿಂದಿಯನ್ನು ಮೂಗಿನ ಕೆಳಗೆ ಹಿಡಿದರು. ಗ್ಯಾಸೆಣ್ಣೆಯ ನಾತ ಮುರುಗೆಪ್ಪನ ಗಂಟಲವರೆಗೆ ಬಂತು. ಅಣ್ಣ ಉದ್ದಕ್ಕೆ ಉಸಿರೆಳೆದುಕೊಂಡ, ಮೊದಲಿನ ಗತ್ತಿನಲ್ಲೇ ತಲೆ ತುಸು ಓರೆ ಮಾಡಿದ. "ಹತ್ತಿಕಾಳ ತಿಂದ ಎಮ್ಮಿದು. ಕಾಸಿ ಎರಡ ದಿನಾ ಆಗೇತಿ. ಛಲೋ ಐತ್ರಿ." ಬಾಗಿಲಿನ ಕೂಲಿಯವನು ಬೀಡಿ ಕೆಳಗಿಳಿಸಿದ. ಮುರುಗೆಪ್ಪನಿಗೆ ಗೋಡೆಯ ಮೇಲಿನ ಸುಣ್ಣದ ಒಂದು ಚಕ್ಕೆ ಮಾತ್ರ ಕಾಣುತ್ತಿತ್ತು, ಅದನ್ನೇ ನೋಡಿದ.

ವಕೀಲರು ಚಿಂದಿಯನ್ನು ಹಿಂದೆ ಬಚ್ಚಿಟ್ಟು, ಥ್ಯಾಂಕ್ಸ್ ಯಜಮಾನ್ರ ಎಂದು ಹೇಳಿ, ತಮ್ಮ ಜಾಗಕ್ಕೆ ಹೋಗಿ ಕುಳಿತರು. ಆಮೇಲೆ ಮಾತನ್ನು ಮುರುಗೆಪ್ಪನ ಕಡೆ ತಿರುಗಿಸಿದರು. ಅಣ್ಣನನ್ನು ಹೊರಗೆ ಕಳಿಸಲಿಲ್ಲ. "ನೋಡ್ರಿ, ಈ ಕಾಗದ ಶಾಣ್ಯಾ ಮನಷ್ಯಾ ಬರಕೊಟ್ಟದ್ದು ಅಂತಾದ್ರ ನಿಮ್ಮ ದಾವೆ ಇಲ್ಲೇ ಮುಗೀತು. ಸಹಿ ಮಾಡೂ ದಿವಸ ಇವರ ಬುದ್ಧಿ ಇವರ ಸ್ವಾಧೀನದಾಗ ಇರಲಿಲ್ಲ ಅಂತಾದ್ರ, ಇದು ಬರೇ ಕಾಗದ. ಮುಂಬಯಿಯಿಂದ ತಲಿ ಡಾಕ್ಟರನ್ನ ಕರಸ್ತೇನಿ, ಅವರು ಮೂಗಿಂದು ನೆನಪಿಂದು ಎಲ್ಲಾ ಹೇಳ್ತಾರ. ಆದ್ರ ಹಂಗ ದಾವೆ ಹಾಕೂದಾದ್ರ ಇವರ ಹೆಸರಿನ್ಯಾಗ ಇವರು ಹಾಕಾಕ ಬರೂದಿಲ್ಲ. 'ಬುದ್ಧಿ ಸ್ವಾಧೀನವಿಲ್ಲದ ಮಹಾದೇವಪ್ಪ, ಅವನ ಪರವಾಗಿ ತಮ್ಮ ಮುರುಗೆಪ್ಪ.' ಹಿಂಗ ಬರೀಬೇಕು. ಒಮ್ಮೆ ಬರದ ಮ್ಯಾಲ ಪ್ಯಾಟ್ಯಾಗಾಗ್ಲಿ ಮನ್ಯಾಗಾಗ್ಲಿ ಇವರ ಸಹಿಗೆ ಕಿಮ್ಮತ್ತಿಲ್ಲ, ನಿಮ್ಮದಕ್ಕ ಅದ."

ಮುರುಗೆಪ್ಪನಿಗೆ ಗಾದಿ ನೆನಪಾಯಿತು. ಹದಿನೈದು ವರ್ಷ ಗಡಿಗೆ ಎತ್ತಿ ಇಳಿಸಿ, ಬಾಗಿಲ ಹತ್ತಿರದ ಮಣೆಯ ಮೇಲೆ ಕುಳಿತವನು, ಅಣ್ಣ ಮಲಗಿದ ಆ ಎರಡು ದಿನಗಳಲ್ಲಿ ಗಾದಿಯ ಮೇಲೆ ಕುಳಿತು ಲೋಡುದಿಂಬಿಗೆ ಬೆನ್ನು ಕೊಟ್ಟಿದ್ದ. ಒಳಗೆ ಅಣ್ಣ ಉಸಿರಾಡುತ್ತಾನೋ ಇಲ್ಲವೋ ಎಂದು ವೈನಿ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದಾಗ, ಹೊರಗೆ ತನ್ನ ಬೆನ್ನಿಗೆ ಆ ಲೋಡು ಎಷ್ಟು ಹಿತವಾಗಿತ್ತು. ಅಣ್ಣ ಏಳದಿದ್ದರೆ ಎಂದು ಮನಸ್ಸಿನಲ್ಲಿ ಒಂದು ಮಾತು ಹುಟ್ಟಿತ್ತು, ಪೂರ್ತಿಯಾಗುವ ಮೊದಲೇ ಅದನ್ನು ಹಿಸುಕಿದ್ದ. ಈಗ ಸರಕಾರವೇ ಕರೆದು, ಮುದ್ರೆ ಒತ್ತಿ, ಆ ಲೋಡನ್ನು ಅವನಿಗೆ ಕೊಡುತ್ತೇನೆ ಅನ್ನುತ್ತಿತ್ತು. ಎದ್ದು ಅಣ್ಣನ ಕೈ ಹಿಡಿದುಕೊಂಡು ಹೊರಟುಬಿಡಬೇಕು, ಒಳ್ಳೆಯ ತಮ್ಮ ಅನ್ನಿಸಿಕೊಳ್ಳಬೇಕು. ಹೊರಟರೆ ಏನಾಗುತ್ತದೆ? ಅಣ್ಣ ಮನೆಗೆ ಹೋಗಿ ಸ್ನಾನ ಮಾಡಿ ಪೂಜೆಗೆ ಕೂಡುತ್ತಾನೆ, ಮೋಟಾರು ಜಿದ್ದಿಗೆ ಬಿದ್ದು ಓಡುತ್ತಲೇ ಇರುತ್ತದೆ, ಆಗಿದ್ದು ಏನೂ ಆಗಿಲ್ಲ ಎಂದೇ ಉಳಿದುಬಿಡುತ್ತದೆ.

"ಎದುರಿನ ವಕೀಲ ನಿಮ್ಮನ್ನ ಕಟಕಟೆಯೊಳಗ ನಿಲ್ಲಿಸಿ ಅಣ್ಣಗ ಏನಾಗೇತಿ, ಇದರಾಗ ನಿಮಗೇನ ಲಾಭ, ಎಲ್ಲಾ ಕೇಳ್ತಾನ" ಎಂದರು ವಕೀಲರು. "ನಿಮ್ಮಣ್ಣ ಅಲ್ಲೇ ಕುಂತಿರ್ತಾರ. ಆವಾಗ ನೀವು ಮಾರಿ ಕೆಳಗ ಹಾಕಿದ್ರ ನಾ ಏನೂ ಮಾಡಾಕ ಆಗೂದಿಲ್ಲ. ಅದಕ್ಕ ಈಗ ಇವರ ಮುಂದೇ ನನಗ ಹೇಳ್ರಿ. ಹೇಳಾಕಾದ್ರ ದಾವೆ ಹಿಡೀತೇನಿ."

ಮುರುಗೆಪ್ಪ ಅಣ್ಣನ ಕಡೆ ತಿರುಗಿ ಕುಳಿತ. ವಕೀಲರಿಗೆ ಹೇಳಿದರೆ ಚಾಡಿಯಾಗುತ್ತದೆ ಎನಿಸಿತು. "ಅಣ್ಣಾ, ಈಗ ನೀ ಮೂಸಿದ್ದು ತುಪ್ಪ ಅಲ್ಲ, ಗ್ಯಾಸೆಣ್ಣಿ. ನಿನಗ ಏನೂ ವಾಸನಿ ಬರೂದಿಲ್ಲ, ಮಂದಿ ಮಾರಿ ನೋಡಿ ಹೇಳ್ತಿ. ಮುಂಜಾನೆ ಹೇಳಿದ್ದು ನಿನಗ ಮಧ್ಯಾಹ್ನಕ್ಕ ನೆನಪಿರೂದಿಲ್ಲ. ದಿನಾ ಮೂರ ಸಲ ಪೂಜಿ ಮಾಡ್ತಿ, ಮಾಡಿದ್ದು ಮರತು ಮತ್ತ ಮಾಡ್ತಿ. ಅದು ಭಕ್ತಿ ಅಂತ ಓಣಿಯವರು ಅಂದ್ರು, ನಾವೂ ಅಂದ್ವಿ. ಅದು ಭಕ್ತಿ ಅಲ್ಲ, ಮೋಟಾರದ ಪೆಟ್ಟು. ನಿನ್ನ ಬುದ್ಧಿ ನಿನ್ನ ಕೈಯಾಗ ಇಲ್ಲ." ಇಲ್ಲಿಗೂ ನಿಲ್ಲಿಸಲಿಲ್ಲ. "ಮತ್ತ ನನಗ ನಿನ್ನ ಗಾದಿ ಮ್ಯಾಲ ಆಸೆ ಇತ್ತು. ನೀ ಏಳದಿದ್ರ ಛಲೋ ಅಂತ ಒಂದ ಗಳಿಗಿ ಅನಿಸಿತ್ತು. ಅದನ್ನೂ ಬರಕೊಳ್ರಿ ವಕೀಲರ."

"ಬರಕೋತೇನಿ" ಎಂದರು ವಕೀಲರು. "ಎದುರಿನಾಂವ ಕೇಳೂದು ಅದನ್ನೇ ಮೊದಲು."

ಮಹಾದೇವಪ್ಪ ರುಮಾಲಿನ ಅಂಚನ್ನು ಬೆರಳಿಂದ ನೀವುತ್ತಿದ್ದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ದೇವರ ಕಳೆ ಎಂದು ಓಣಿಯವರು ಅನ್ನುತ್ತಿದ್ದ ಆ ಬಯಲೂ ಇರಲಿಲ್ಲ. ಹದಿನೈದು ವರ್ಷ ಗಾದಿಯ ಮೇಲೆ ಕುಳಿತು ಪೇಟೆ ನಡೆಸಿದ ಮನುಷ್ಯ ಅಲ್ಲಿ ಇಡಿಯಾಗಿ ಬಂದು ಕುಳಿತಿದ್ದ. "ಮೂಗಿಂದು ನನಗ ಗೊತ್ತಿತ್ತೋ ತಮ್ಮಾ. ಗಾದಿದೂ ಗೊತ್ತಿತ್ತು, ಯಾವ ತಮ್ಮಗ ಇರೂದಿಲ್ಲ ಬಿಡು. ಪೂಜಿದು ಗೊತ್ತಿರಲಿಲ್ಲ. ದಿನಾ ಮೂರ ಸಲ ಏನು?"

"ಹೌದಣ್ಣಾ."

"ಯಾಕ ಹೇಳ್ಲಿಲ್ಲ ನನಗ ಯಾರೂ?"

ಹನ್ನೊಂದು ತಿಂಗಳು ಒಬ್ಬ ಮನುಷ್ಯನಿಗೆ ಅವನ ಸುದ್ದಿಯನ್ನೇ ಹೇಳದೆ ಇಟ್ಟಿದ್ದರು, ಸಕ್ಕರೆ ಹಂಚಿದ್ದರು.

"ಇದು ನನಗ ನೆನಪಿರೂದಿಲ್ಲ" ಎಂದ ಅಣ್ಣ, ಲಗುಬಗೆಯಿಂದ, ಗಾಡಿ ಬಿಡುವ ಮೊದಲು ಮಾತು ಮುಗಿಸುವವನ ಹಾಗೆ. "ಇನ್ನೊಂದ ತಾಸಿಗೆ ನಾ ಎಲ್ಲಾ ಮರೀತೇನಿ. ಮರತು, ಬ್ಯಾಡ ಅಂತೇನಿ. ಸಿಟ್ಟಿಗೇಳ್ತೇನಿ, ಅಳ್ತೇನಿ. ನಾ ಬ್ಯಾಡ ಅಂದ್ರೂ ನೀ ಹೇಳು. ಈಗ ಹೇಳಾಕತ್ತೇನಲ್ಲ, ಇದು ನನ್ನ ಮಾತು. ಆಮ್ಯಾಲಿಂದು ಕೇಳಬ್ಯಾಡ." ವಕೀಲರು ಕಾಗದ ಮುಂದೆ ಸರಿಸಿದಾಗ ರೂಢಿಯಿಂದ ಅಣ್ಣನೇ ಬರೆಯುವ ಟಾಕು ಎತ್ತಿಕೊಂಡ. ವಕೀಲರು, "ನೀವಲ್ರಿ, ಅವರು" ಎಂದರು. ಅಣ್ಣನ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಆಮೇಲೆ ಟಾಕನ್ನು ತಿರುಗಿಸಿ, ಹಿಡಿಯುವ ತುದಿಯನ್ನು ತಮ್ಮನ ಕಡೆಗೆ ಮಾಡಿ ಕೊಟ್ಟ. ಮುರುಗೆಪ್ಪನ ಸಹಿ ಸೊಟ್ಟಗೆ ಬಂತು.

ಹೊರಗೆ ಬಿಸಿಲು ಸುಡುತ್ತಿತ್ತು. ಸ್ಟೇಶನ್ನಿನ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕುಳಿತು ಇಬ್ಬರೂ ರೊಟ್ಟಿ ತಿಂದರು, ಅಣ್ಣ ಶೇಂಗಾ ಚಟ್ನಿಯನ್ನು ಬೆರಳಿನಿಂದ ಒರೆಸಿ ನೆಕ್ಕಿದ. ಮರೆಯುವುದಕ್ಕೆ ಒಂದು ತಾಸು ಅಂದದ್ದು ಅವನ ಅಂದಾಜು. ಅರ್ಧ ತಾಸೂ ಹಿಡಿಯಲಿಲ್ಲ. ಬೆಂಚಿನ ಆ ತುದಿಗೆ ಗರಗದ ಕಡೆಯ ನೇಕಾರರು ಇಬ್ಬರು ಖಾದಿಯ ಗಂಟು ಇಟ್ಟುಕೊಂಡು ಕುಳಿತಿದ್ದರು. ಅವರಲ್ಲೊಬ್ಬ ಅಣ್ಣನ ವಿಭೂತಿಗೆ ಕೈಮುಗಿದು, "ಎಲ್ಲಿಗೆ ಹೋಗಿದ್ರಿ ಯಜಮಾನ್ರ?" ಎಂದು ವಿಚಾರಿಸಿದ. ಅಣ್ಣ ಪ್ರಸನ್ನವಾಗಿ ತಮ್ಮನ ಕಡೆ ತಿರುಗಿದ. "ಎಲ್ಲಿಗೆ ಹೋಗಿದ್ವಿ ಮುರುಗ್ಯಾ? ಮಠಕ್ಕಲ್ಲ?"

ಮಠಕ್ಕೆ ಅಂದುಬಿಟ್ಟರೆ ಮುಗಿದೇ ಹೋಗುತ್ತಿತ್ತು. ನೇಕಾರರು ಇನ್ನೊಮ್ಮೆ ಕೈಮುಗಿಯುತ್ತಿದ್ದರು, ಅಣ್ಣ ನಗುತ್ತಲೇ ಊರು ಮುಟ್ಟುತ್ತಿದ್ದ. ಮುರುಗೆಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಬುತ್ತಿಯ ಬಟ್ಟೆಯ ಮೇಲಿಟ್ಟ. "ವಕೀಲರ ಕಡೆ ಹೋಗಿದ್ವಿ ಅಣ್ಣಾ" ಎಂದು, ನೇಕಾರರಿಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದ. ಮೋಟಾರು, ಕಲ್ಲು, ಮೂಗು, ಮೂರು ಪೂಜೆ. ಒಂದೊಂದು ಮಾತಿಗೂ ಅಣ್ಣನ ಮುಖ, ಈ ಸುದ್ದಿ ಜನ್ಮದಲ್ಲಿ ಮೊದಲ ಸಲ ಕೇಳಿದವನ ಮುಖ, ಬಿಳುಪೇರುತ್ತ ಹೋಯಿತು. ನೇಕಾರರು ಗಂಟನ್ನು ಒಂದಿಷ್ಟು ಆಚೆಗೆ ಎಳೆದುಕೊಂಡರು. ಅಣ್ಣ ಮುರುಗೆಪ್ಪನ ಮೊಣಕೈ ಗಟ್ಟಿಯಾಗಿ ಹಿಡಿದ, ಕಣ್ಣು ತುಂಬಿ ಬಂದಿದ್ದವು, ದನಿ ಮಕ್ಕಳದಾಗಿತ್ತು.

"ಸಾಕೋ ತಮ್ಮಾ. ನಿನ್ನ ಕೈ ಮುಗೀತೇನಿ. ಯಾರ ಮುಂದೂ ಹೇಳಬ್ಯಾಡೋ ಇದನ್ನ."

ಮುರುಗೆಪ್ಪ ಆ ಕೈಯ ಮೇಲೆ ತನ್ನ ಕೈಯಿಟ್ಟ.

"ಎಲ್ಲಾರ ಮುಂದೂ ಹೇಳ್ತೇನಿ ಅಣ್ಣಾ" ಎಂದ. "ಹೇಳಂದಾಂವ ನೀನ."